ಉಂಗುರದ ಕಥೆಗೆ ಗೈಡ್ ಬೇಕಾ? ಬೇಕು, ಆದರೆ ಈಗಲ್ಲ

ಬದಿಯಡ್ಕದ ಅಕ್ಕ, ನೀವು ಕೇಳಿದ್ದು ಓದಿದೆ. ಮಗಳು ಒಂಬತ್ತನೇ ಕ್ಲಾಸು, ಟೋಲ್ಕಿನ್ ಬರೆದ ‘ಲಾರ್ಡ್ ಆಫ್ ದ ರಿಂಗ್ಸ್’ ಮೊದಲ ಭಾಗ ಅರ್ಧ ಆಗಿದೆ, ರಿವೆಂಡೆಲ್‌ವರೆಗೆ ಬಂದಿದ್ದಾಳೆ. ಹೆಸರುಗಳು ನೆನಪಲ್ಲಿ ನಿಲ್ಲುವುದಿಲ್ಲ, ಹೆಸರು ಹುಡುಕಿ ನೋಡುವ ಒಂದು ಗೈಡ್ ತೆಗೆದುಕೊಡಲಾ ಅಂತ ಕೇಳಿದ್ದೀರಿ. ತೆಗೆದುಕೊಡಿ. ಆದರೆ ಮೂರೂ ಭಾಗ ಮುಗಿದ ಮೇಲೆ.

ಯಾಕೆ ಅಂತ ಹೇಳುತ್ತೇನೆ. ನಾನು ಇಂಥ ಗೈಡನ್ನು ಮೊದಲೇ ತರಿಸಿಕೊಂಡಿದ್ದೆ. ಆಗ ತಾನೇ ಕಥೆಗೆ ಬಂದ ಒಬ್ಬನ ಹೆಸರು ಹುಡುಕಿದೆ. ಯಾರ ಮಗ, ಯಾವ ಊರು ಅಂತ ಶುರುವಾಗಿ, ಆರನೇ ಸಾಲಿಗೆ ಅವನು ಎಲ್ಲಿ ಹೇಗೆ ಸಾಯುತ್ತಾನೆ ಅಂತ ಇತ್ತು. ಪುಸ್ತಕ ಮುಚ್ಚಿದೆ, ಆದರೆ ಓದಿಯಾಗಿತ್ತು. ಆಮೇಲೆ ಅವನು ಮಾತಾಡಿದಾಗೆಲ್ಲ ಆ ಸಾಲೇ ನೆನಪಾಗುತ್ತಿತ್ತು. ನಿಮ್ಮ ಮಗಳಿಗೆ ಹಾಗಾಗುವುದು ಬೇಡ.

ಈಗ ಅವಳಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಡಿ. ಅಕ್ಷರಕ್ಕೆ ಇಷ್ಟಿಷ್ಟು ಪುಟ ಅಂತ ಬಿಡಲಿ. ಎಲ್ಲ ಅಕ್ಷರಕ್ಕೂ ಬೇಡ. ಙ, ಞ, ಣ ಸುಮ್ನೆ ಖಾಲಿ ಉಳಿಯುತ್ತವೆ. ಗ, ಬ, ಮ, ಎಗಳಿಗೆ ಜಾಸ್ತಿ ಬಿಡಿ. ಹೆಸರು, ಮೊದಲು ಸಿಕ್ಕಿದ ಅಧ್ಯಾಯ, ಅಲ್ಲಿ ಏನು ಮಾಡುತ್ತಿದ್ದ, ಇಷ್ಟು ಸಾಕು. ಒಬ್ಬನಿಗೆ ಎರಡನೇ ಹೆಸರು ಸಿಕ್ಕಿದರೆ ಅದಕ್ಕೂ ಒಂದು ಸಾಲು: ‘ಮಿಥ್ರಂದಿರ್: ಗ್ಯಾಂಡಾಲ್ಫ್ ನೋಡಿ’. ಗ್ಯಾಂಡಾಲ್ಫ್ ಅಂದರೆ ಕಥೆಯ ಮಾಂತ್ರಿಕ; ಎಲ್ಫ್, ಡ್ವಾರ್ಫ್ ಅಲ್ಲಿನ ಎರಡು ಜನಾಂಗ. ಎಲ್ಫ್‌ಗಳ ಬಾಯಲ್ಲಿ ಅವನು ಮಿಥ್ರಂದಿರ್, ಡ್ವಾರ್ಫ್‌ಗಳ ಬಾಯಲ್ಲಿ ಥಾರ್ಕೂನ್. ನಮ್ಮ ಕಡೆಯವರಿಗೆ ಇದು ಕಷ್ಟ ಆಗಬಾರದು. ಸುಳ್ಯದಲ್ಲಿ ಪಯಸ್ವಿನಿ ಅನ್ನುತ್ತೇವೆ, ಕಾಸರಗೋಡಿಗೆ ಬರುವಾಗ ಚಂದ್ರಗಿರಿ, ಹೊಳೆ ಒಂದೇ ಅಲ್ವಾ? ಯಕ್ಷಗಾನದ ಆಟದಲ್ಲಿ ಪಾರ್ಥ, ಕಿರೀಟಿ, ಧನಂಜಯ ಅಂದರೂ ಅರ್ಜುನನೇ ಅಂತ ಮಕ್ಕಳಿಗೂ ಗೊತ್ತು. ಪದೇ ಪದೇ ಕೇಳಿ ಬಂದದ್ದು ಅದು. ನೋಟ್‌ಬುಕ್ಕಿನಲ್ಲಿ ಬರೆದರೆ ಇದೂ ಹಾಗೇ ಬರುತ್ತದೆ.

ಪುಸ್ತಕದಲ್ಲೇ ಇರುವ ನಕ್ಷೆಯನ್ನು ದೊಡ್ಡದು ಮಾಡಿ ಝೆರಾಕ್ಸ್ ಮಾಡಿಸಿ. ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಕು ಹಾಕಲಿ. ಕಥಾನಾಯಕ ಫ್ರೋಡೋ ಮನೆ ಬಿಟ್ಟದ್ದು ಸೆಪ್ಟೆಂಬರ್ 23, ವೆದರ್‌ಟಾಪ್ ಗುಡ್ಡ ಅಕ್ಟೋಬರ್ 6, ರಿವೆಂಡೆಲ್ ಹತ್ತಿರ ಹೊಳೆ ದಾಟಿದ್ದು ಅಕ್ಟೋಬರ್ 20. ಅಷ್ಟು ದಾರಿಗೆ ನಾಲ್ಕು ವಾರ! ಅದು ಕಣ್ಣಿಗೆ ಕಂಡರೆ ಅವರ ಸುಸ್ತು ಅರ್ಥ ಆಗುತ್ತದೆ. ತಾರೀಕುಗಳೆಲ್ಲ ಮೂರನೇ ಭಾಗದ ಕೊನೆಯಲ್ಲಿ ಅನುಬಂಧ ‘ಬಿ’ಯಲ್ಲಿ ಉಂಟು. ಅವಳು ತೆರೆಯುವುದು ಬೇಡ, ನೀವೇ ನೋಡಿ ಹೇಳಿ.

ಮುಗಿದ ಮೇಲೆ ಕೊಳ್ಳುವುದಾದರೆ ಎರಡು. ರಾಬರ್ಟ್ ಫಾಸ್ಟರ್ ಅವರ ‘ದ ಕಂಪ್ಲೀಟ್ ಗೈಡ್ ಟು ಮಿಡ್ಲ್-ಅರ್ತ್’ ನಿಘಂಟಿನ ಹಾಗೆ. ಮಿಡ್ಲ್-ಅರ್ತ್ ಅಂದರೆ ಕಥೆ ನಡೆಯುವ ಲೋಕ. 1971ರಲ್ಲಿ ಚಿಕ್ಕದಾಗಿ ಬಂತು, 1977ರಲ್ಲಿ ಟೋಲ್ಕಿನ್ ಅವರದ್ದೇ ‘ಸಿಲ್ಮರಿಲಿಯನ್’ (ಅದೇ ಲೋಕದ ಹಿಂದಿನ ಕಾಲದ ಕಥೆ) ಬಂದ ಮೇಲೆ 1978ರಲ್ಲಿ ದೊಡ್ಡದಾಯಿತು. ಒಂದೊಂದು ಮಾಹಿತಿಗೂ ಮೂಲ ಪುಸ್ತಕದ ಪುಟ ಕೊಟ್ಟಿದ್ದಾರೆ, ನನಗೆ ಅದೇ ಜಾಸ್ತಿ ಇಷ್ಟ. ನಿಮ್ಮ ಪ್ರತಿಯ ಪುಟಕ್ಕೆ ಅದು ತಾಳೆ ಆಗದೆ ಇರಬಹುದು, ಗಾಬರಿ ಬೇಡ. ಇನ್ನೊಂದು ಕ್ಯಾರೆನ್ ವಿನ್ ಫಾನ್‌ಸ್ಟಡ್ ಅವರ ಅಟ್ಲಾಸ್, 1981ರದ್ದು, 1991ರಲ್ಲಿ ತಿದ್ದಿದ್ದಾರೆ; ಆ ತಿದ್ದಿದ್ದನ್ನೇ ತೆಗೆದುಕೊಳ್ಳಿ. ಯಾವ ದಿನ ಎಷ್ಟು ದೂರ ನಡೆದರು, ಎಲ್ಲಿ ಮಲಗಿದರು ಅಂತ ಕಥೆಯಿಂದಲೇ ಲೆಕ್ಕ ಹಾಕಿ ನಕ್ಷೆ ಬಿಡಿಸಿದ್ದಾರೆ.

‘ಸಿಲ್ಮರಿಲಿಯನ್’ಗೆ ಮಾತ್ರ ಮೊದಲ ಪುಟದಿಂದಲೇ ಸಹಾಯ ಬೇಕು. ಹೆಸರುಗಳೆಲ್ಲ ಒಂದರ ಹಾಗೆ ಒಂದು. ಫಿನ್ವೆ ಅಜ್ಜ. ಫಿಂಗೊಲ್ಫಿನ್, ಫಿನಾರ್ಫಿನ್ ಮಕ್ಕಳು. ಫಿಂಗೊನ್, ಫಿನ್‌ರಾಡ್ ಮೊಮ್ಮಕ್ಕಳು. ಆ ಪುಸ್ತಕದ ಹಿಂದೆಯೇ ವಂಶವೃಕ್ಷ ಉಂಟು, ಅಲ್ಲಿ ಒಂದು ಬುಕ್‌ಮಾರ್ಕ್ ಇಟ್ಟುಕೊಂಡೇ ಓದಲಿ.

ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಸಿನಿಮಾದ್ದೂ ಪುಸ್ತಕದ್ದೂ ಬೆರೆತು ಬರುತ್ತದೆ, ಅದೊಂದು ನೋಡಿಕೊಳ್ಳಿ.

ಅಟ್ಲಾಸ್ ನನ್ನ ಹತ್ತಿರ ಉಂಟು. ಕುಂಬಳೆಗೆ ಬಂದಾಗ ಹೇಳಿ, ಒಂದು ತಿಂಗಳು ಇಟ್ಟುಕೊಳ್ಳಲಿ. ಮೂರನೇ ಭಾಗ ಮುಗಿಸಿದ್ದಾಳಾ ಅಂತ ಮಾತ್ರ ಮೊದಲು ಕೇಳುತ್ತೇನೆ.