ಸಾಹೇಬರು ಹೋದರು, ಈಗ ನಾನು ಯಾರ ಕಡೆಯವ?

ಪ್ರಶ್ನೆ: ನಾನು ಸರ್ಕಾರಿ ಬ್ಯಾಂಕೊಂದರ ಅಧಿಕಾರಿ. ವಿಲೀನವಾದ ಮೇಲೆ ನಮ್ಮ ಪ್ರಾದೇಶಿಕ ಕಚೇರಿಯನ್ನೇ ಇನ್ನೊಂದಕ್ಕೆ ಸೇರಿಸಿದರು. ‘ನಿನ್ನನ್ನು ಶಿರಸಿಯಿಂದ ಕದಲಿಸೋದಿಲ್ಲ’ ಎಂದಿದ್ದ ಸಾಹೇಬರಿಗೆ ದೂರ ವರ್ಗವಾಯಿತು. ಹೊಸಬರ ಕಣ್ಣಿಗೆ ನಾನು ‘ಅವರ ಕಡೆಯವ’. ಬಡ್ತಿ ತಪ್ಪೀತೆಂಬ ಹೆದರಿಕೆ.
– ಓದುಗರೊಬ್ಬರು, ಶಿರಸಿ

ಉತ್ತರ: ಸಾಹೇಬರೇನೂ ಮಾತಿಗೆ ತಪ್ಪಲಿಲ್ಲ, ಅದನ್ನು ನಡೆಸಿಕೊಡುವ ಕುರ್ಚಿಯೇ ಹೋಯಿತು. ಬಡ್ತಿಗೆ ಲೆಕ್ಕಕ್ಕೆ ಬರುವುದರಲ್ಲಿ ಮುಖ್ಯವಾದದ್ದು ವಾರ್ಷಿಕ ಕಾರ್ಯನಿರ್ವಹಣಾ ವರದಿ. ಆಪ್ತ ಮೇಲಧಿಕಾರಿಗಳು ಅದರಲ್ಲಿ ‘ಒಳ್ಳೆ ಕೆಲಸಗಾರ’ ಎಂದು ಒಂದು ಸಾಲು ಗೀಚಿಬಿಡುವುದುಂಟು. ಗುರುತಿಲ್ಲದವರಿಗೆ ಆ ಸಾಲಿನಿಂದ ಏನೂ ತಿಳಿಯದು. ಆದ್ದರಿಂದ ಹಳೆಯ ಸಾಹೇಬರಲ್ಲಿ ಒಂದೇ ಉಪಕಾರ ಕೇಳಿ: ಈ ವರ್ಷ ಅವರ ಕೈಕೆಳಗೆ ಕಳೆದ ತಿಂಗಳುಗಳ ವರದಿಯನ್ನು ಅವರೇ ಬರೆಯಲಿ, ಸುಸ್ತಿ ಸಾಲ ಎಷ್ಟು ವಸೂಲಾಯಿತು, ಠೇವಣಿ ಎಷ್ಟು ಏರಿತು ಎಂಬ ಅಂಕಿ ಸಮೇತ. ಶಿಫಾರಸಿನ ಫೋನು ಮಾಡಿಸಬೇಡಿ. ‘ಅವರ ಕಡೆಯವ’ ಎಂಬ ಮುದ್ರೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹಿಂದಿನ ವರ್ಷಗಳ ವರದಿಗಳನ್ನೂ ಕೇಳಿ ಪಡೆಯಿರಿ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ವರದಿಯ ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ವಿಲೀನವಾದ ಬ್ಯಾಂಕುಗಳ ಅಧಿಕಾರಿಗಳನ್ನು ಸೇರಿಸಿದ ಜಂಟಿ ಹಿರಿತನದ ಕರಡು ಪಟ್ಟಿ ಬಂದಾಗ ಈಗಿನ ದರ್ಜೆಗೆ ಬಂದ ತಾರೀಕು ಸರಿಯಿದೆಯೇ ನೋಡಿ. ತಪ್ಪಿದ್ದರೆ ಹೇಳಿದ ಗಡುವಿನೊಳಗೆ ಬರಹದಲ್ಲೇ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಶಿರಸಿಯಲ್ಲೇ ಉಳಿಯಬೇಕಾದರೆ ಕಾರಣ ಬರೆದು ಅರ್ಜಿ ಹಾಕಿ: ಪತ್ನಿಯ ನೌಕರಿ, ಮಗುವಿನ ಹತ್ತನೇ ತರಗತಿ, ಹೀಗೆ.

ಹೊಸಬರನ್ನು ಒಲಿಸಲು ಹೋಗುವುದಕ್ಕಿಂತ ಅವರಿಗೆ ಉಪಯೋಗ ಬೀಳಿ. ಬಯಲುಸೀಮೆಯಿಂದ ಬಂದವರಿಗೆ ಮಾರ್ಚ್‌ನಲ್ಲಿ ಇಲ್ಲಿನ ಬೆಳೆಸಾಲ ಕಟ್ಟದೆ ನಿಂತದ್ದು ಕಂಡರೆ ಶಾಖೆಯ ಸೋಮಾರಿತನ ಎನಿಸೀತು. ಅಡಿಕೆಯ ಕೊನೆಕೊಯ್ಲಾದ ಮೇಲೆ ಚಾಲಿ (ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಒಣಗಲು ಒಂದೂವರೆ-ಎರಡು ತಿಂಗಳು ಬೇಕು, ದರ ಏರಲೆಂದು ಬೆಳೆಗಾರರು ಕಾಯುವುದೂ ಉಂಟು. ಯಾವ ಊರಿನ ಯಾವ ಖಾತೆಗೆ ಯಾವಾಗ ದುಡ್ಡು ಬರುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆದು ಮೊದಲ ಹದಿನೈದು ದಿನದೊಳಗೆ ಕೊಡಿ. ಹಳೆಯವರ ಕಾಲದ ಹೊಗಳಿಕೆ, ದೂರು ಎರಡೂ ಬಾಯಿಗೆ ಬರಬಾರದು.

ಪ್ರಶ್ನೆ: ನಮ್ಮ ಖಾಸಗಿ ಕಂಪನಿಯಲ್ಲಿ ವಿಭಾಗ ಮುಚ್ಚುವ ಸುದ್ದಿಯಿದೆ. ಬಾಸ್ ಬೇರೆ ಕಡೆ ಹೋಗುತ್ತಿದ್ದಾರೆ, ‘ನೀನೂ ಬಾ’ ಎನ್ನುತ್ತಾರೆ. ನನ್ನ ಕಾಯಂ ಸೇವೆ 4 ವರ್ಷ 3 ತಿಂಗಳು.
– ಓದುಗರೊಬ್ಬರು, ಕಾರವಾರ

ಉತ್ತರ: ನೇಮಕಾತಿ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಕಾಯಂ ನೌಕರರು ರಾಜೀನಾಮೆ ಕೊಟ್ಟಾಗ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ 5 ವರ್ಷದ ಸೇವೆ ಬೇಕು. ಲೆಕ್ಕಕ್ಕೆ ಬರುವ ವೇತನ ತಿಂಗಳಿಗೆ 26,000 ಇದ್ದರೆ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ, ವರ್ಷಕ್ಕೆ 15 ದಿನದಂತೆ 5 ವರ್ಷಕ್ಕೆ 75,000 ರೂಪಾಯಿ. ಈಗಲೇ ಹೊರಟರೆ ಅಷ್ಟೂ ಹೋಗುತ್ತದೆ. ಹೊಸ ಸಂಬಳ ಮಾತಾಡುವಾಗ ಅದನ್ನು ಸೇರಿಸಿಯೇ ಕೇಳಿ.