ಊರಲ್ಲಿ ಕೊಲೆ ಒಂದರಿಂದ ನಾಲ್ಕಾಯಿತು: ಎಷ್ಟು ಹೆದರಬೇಕು?

ಪ್ರಶ್ನೆ: ನಮ್ಮದು ಸುಮಾರು ಎಪ್ಪತ್ತು ಸಾವಿರ ಜನರಿರುವ ತಾಲ್ಲೂಕು ಕೇಂದ್ರ. ಹೋದ ವರ್ಷ ಒಂದು ಕೊಲೆ ಆಗಿತ್ತು, ಈ ವರ್ಷ ನಾಲ್ಕು. ‘ಕೊಲೆ ಶೇ 300 ಏರಿಕೆ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಹೊರಗಿನಿಂದ ಕೆಲಸಕ್ಕೆ ಬಂದವರೇ ಕಾರಣ ಅಂತ ಜನ ಹೇಳುತ್ತಾರೆ. ಮಗಳು ಸಂಜೆ ಏಳೂವರೆಗೆ ಟ್ಯೂಷನ್ ಮುಗಿಸಿ ಬರುತ್ತಾಳೆ. ಬಿಡಿಸಿಬಿಡೋಣ ಅಂತ ಮನೆಯಲ್ಲಿ ಒತ್ತಾಯ. ಊರು ನಿಜವಾಗಿಯೂ ಕೆಟ್ಟಿದೆಯಾ ಸರ್?

ಉತ್ತರ: ಒಂದು ನಾಲ್ಕಾದರೆ ಶೇ 300 ಏರಿಕೆ, ಲೆಕ್ಕ ಸರಿಯೇ ಇದೆ. ಆದರೆ ಸಂಖ್ಯೆ ಇಷ್ಟು ಚಿಕ್ಕದಿದ್ದಾಗ ಶೇಕಡಾವಾರು ಹೇಳಿದರೆ ಗಾಬರಿ ಬಿಟ್ಟು ಬೇರೇನೂ ಸಿಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ನೋಡಿ. ಆ ವರ್ಷ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಲಕ್ಷ ಜನಕ್ಕೆ 2.1. ಅದೇ ದರ ಹಿಡಿದರೆ ನಿಮ್ಮೂರಿಗೆ ವರ್ಷಕ್ಕೆ ಸರಾಸರಿ ಒಂದೂವರೆ ಬರುತ್ತದೆ. ಹಾಗಂತ ಪ್ರತಿ ವರ್ಷ ಒಂದೋ ಎರಡೋ ಆಗಿ ನಿಲ್ಲುವುದಿಲ್ಲ. ಊರಲ್ಲಿ ಏನೂ ಬದಲಾಗದಿದ್ದರೂ ನಾಲ್ಕೈದು ವರ್ಷಕ್ಕೊಮ್ಮೆ ಒಂದೂ ಆಗುವುದಿಲ್ಲ. ಐದು ವರ್ಷಕ್ಕೊಮ್ಮೆ ಮೂರೋ ಅದಕ್ಕಿಂತ ಜಾಸ್ತಿಯೋ ಆಗುತ್ತವೆ. ನಾಲ್ಕೋ ಅದಕ್ಕಿಂತ ಜಾಸ್ತಿಯೋ ಆಗುವುದು ಸುಮಾರು ಹದಿನೈದು ವರ್ಷಕ್ಕೊಮ್ಮೆ. ಅಪರೂಪವೇ, ಆದರೆ ಇಂಥ ಇನ್ನೂರು ಊರುಗಳಿದ್ದರೆ ಪ್ರತಿ ವರ್ಷ ಹನ್ನೆರಡು-ಹದಿಮೂರು ಊರಲ್ಲಿ ಬರೀ ಆಕಸ್ಮಿಕವಾಗಿಯೇ ಹೀಗಾಗುತ್ತದೆ. ಸುದ್ದಿಯಾಗುವುದೂ ಆ ಊರುಗಳೇ ಅಲ್ವಾ?

ಅದಕ್ಕೇ ನಾನು ಸಂಖ್ಯೆಗಿಂತ ಕಾರಣ ಕೇಳುತ್ತೇನೆ. ಆ ನಾಲ್ಕರಲ್ಲಿ ಕೊಂದವರಿಗೂ ಸತ್ತವರಿಗೂ ಮೊದಲೇ ಪರಿಚಯ ಇತ್ತಾ? ಜಗಳ ಯಾವುದರ ಮೇಲೆ? 2022ರ ಅದೇ ವರದಿಯಲ್ಲಿ 9,962 ಕೊಲೆಗಳಿಗೆ ಕಾರಣ ವ್ಯಾಜ್ಯ, ಅಂದರೆ ಆಸ್ತಿ, ಜಮೀನು, ಕುಟುಂಬದ ತಕರಾರು ಇಂಥವು. 3,761ಕ್ಕೆ ವೈಯಕ್ತಿಕ ದ್ವೇಷ. ಹಣ-ಒಡವೆ ಆಸೆಗೆ ಆದವು 1,884. ಅಪರಿಚಿತ ಬಂದು ಕೊಂದು ಹೋಗುತ್ತಾನೆ ಅನ್ನುವ ನಮ್ಮ ಭಯಕ್ಕೂ ಈ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಹೊರಗಿನವರ ಮೇಲೆ ಬೆರಳು ತೋರಿಸುವ ಮೊದಲು ನಿಮ್ಮೂರಿನ ನಾಲ್ಕು ಎಫ್‌ಐಆರ್‌ಗಳನ್ನು ಯಾರಾದರೂ ಓದಿದ್ದಾರಾ ಅಂತ ಕೇಳಿ. ಓದದೆ ಹಬ್ಬಿಸುವ ಮಾತಿಗೆ ಕೊನೆಗೆ ಏಟು ತಿನ್ನುವುದು ಪಾಪದ ಕೂಲಿಯವನೇ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಎಫ್‌ಐಆರ್ ಓದುವುದು ಕಷ್ಟವೇನಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಪೊಲೀಸ್ ವೆಬ್‌ಸೈಟ್‌ಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಕೊಲೆ ಕೇಸು ಬಿಡಿ, ಹೊಡೆದಾಟದ ಕೇಸುಗಳನ್ನು ನೋಡಿ. ‘ಬದುವಿನ ವಿಚಾರವಾಗಿ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ದೊಣ್ಣೆಯಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ’ ಅನ್ನುವ ಧಾಟಿಯಲ್ಲೇ ಎಷ್ಟೋ ದೂರು ಇರುತ್ತವೆ. ಕಲಂಗಳು ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 115(2), 118(1), 352, 351(2). ಹೊಡೆತ, ಆಯುಧದಿಂದ ಗಾಯ, ಬೈಗುಳ, ಬೆದರಿಕೆ. ಅದೇ ಎರಡು ಮನೆಯವರ ಹೆಸರು ಆರೇಳು ತಿಂಗಳಲ್ಲಿ ಮತ್ತೆ ಬಂದರೆ, ಈ ಸಲ ದೊಣ್ಣೆ ಇದ್ದ ಜಾಗದಲ್ಲಿ ಮಚ್ಚು ಬಂದರೆ, ಆಗ ಹೆದರಬೇಕು. ಇಂಥ ಹೊಡೆದಾಟದ ಕೇಸು ಕೊಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವುದರಿಂದ ಏರಿಳಿತವೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲೇ ಪೊಲೀಸರಿಗೆ ಮಾಡಲು ಕೆಲಸವೂ ಇದೆ. ಶಾಂತಿ ಕದಡುವ ಸೂಚನೆ ಇದ್ದರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 126ರ ಪ್ರಕಾರ ವರದಿ ಕೊಟ್ಟು, ತಾಲ್ಲೂಕು ದಂಡಾಧಿಕಾರಿಗಳ ಮುಂದೆ ಇಬ್ಬರಿಂದಲೂ ಮುಚ್ಚಳಿಕೆ, ಅಂದರೆ ಶಾಂತಿಯಿಂದ ಇರುತ್ತೇವೆ ಅನ್ನುವ ಬಾಂಡ್, ಬರೆಸಬಹುದು. ಹಳೆಯ ಸಿಆರ್‌ಪಿಸಿ 107 ಅಂದರೆ ಊರಿನ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ. ‘ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂತ ವಾಪಸ್ ಕಳಿಸಿದ ಜಗಳವೇ ಮುಂದೆ ಕ್ರಿಮಿನಲ್ ಆಗುವುದು. ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು) ಆಗದ ಜಮೀನು, ದಾರಿ ತಕರಾರು, ಪಾಲು ವಿಭಾಗ ಎಲ್ಲವೂ ಕಂದಾಯ ಇಲಾಖೆಯ ಮೇಜಿನ ಮೇಲೆ ಕೂತಿರುತ್ತವೆ. ಸರ್ವೆ ಬೇಗ ಮುಗಿಸಿದರೂ ಒಂದು ಜೀವ ಉಳಿಯಬಹುದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮಗಳ ವಿಷಯ. ಟ್ಯೂಷನ್ ಬಿಡಿಸಬೇಡಿ. ನೀವು ಬರೆದಿದ್ದರಲ್ಲಿ ಅವಳು ಬರುವ ದಾರಿಗೆ ಸಂಬಂಧಿಸಿದ್ದು ಏನೂ ಇಲ್ಲ. ಆ ದಾರಿಯಲ್ಲಿ ಬೀದಿದೀಪ ಉರಿಯುತ್ತಾ, ಯಾರಾದರೂ ಹಿಂದೆ ಬೀಳುತ್ತಿದ್ದಾರಾ ಅಂತ ಅವಳನ್ನೇ ಕೇಳಿ. ಆ ತೊಂದರೆ ಇದ್ದರೆ ಅದಕ್ಕೆ ಬೇರೆಯೇ ದೂರು ಕೊಡಿ, ತುರ್ತಿಗೆ 112 ಇದೆ. ಮನೆಯ ಒಳಗಿನ ಹಿಂಸೆಯನ್ನೂ ಮರೆಯಬೇಡಿ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 60ರಷ್ಟು ಜನರನ್ನು ಕೊಂದದ್ದು ಸಂಗಾತಿ ಅಥವಾ ಮನೆಯವರು.

ಅಂಕಿ-ಅಂಶ ನೋಡುವಾಗ ಎರಡು ಕಡೆ ಎಡವುತ್ತೇವೆ. ಹದಿನೆಂಟು ತುಂಬದ ಮಗು ಕಾಣೆಯಾದರೆ ಅಪಹರಣ ಅಂತಲೇ ಕೇಸು ಹಾಕಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹುಡುಗ-ಹುಡುಗಿ ಓಡಿ ಹೋದದ್ದೂ ಆ ಲೆಕ್ಕದಲ್ಲಿ ಸೇರುತ್ತದೆ. ಇನ್ನೊಂದು, 2024ರ ಜುಲೈ 1ರಿಂದ ಐಪಿಸಿ ಹೋಗಿ ಬಿಎನ್‌ಎಸ್ ಬಂತು. ಕೊಲೆ 302 ಇದ್ದದ್ದು 103 ಆಯಿತು, ಕೊಲೆ ಯತ್ನ 307 ಇದ್ದದ್ದು 109 ಆಯಿತು. ಹಳೆಯ ನಂಬರು ಮಾತ್ರ ಹುಡುಕಿದರೆ ಅಪರಾಧ ದಿಢೀರ್ ಇಳಿದಂತೆ ಕಾಣುತ್ತದೆ.

ಹೀಗೆ ಮಾಡಿ. ಜಿಲ್ಲಾ ಎಸ್‌ಪಿ ಕಚೇರಿಗೆ ಹತ್ತು ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಿ. ನಿಮ್ಮ ಠಾಣೆಯ ಹತ್ತು ವರ್ಷದ ಲೆಕ್ಕ ಕೇಳಿ: ಕೊಲೆ, ಕೊಲೆ ಯತ್ನ, ಆಯುಧದಿಂದ ಹಲ್ಲೆ ಬೇರೆ ಬೇರೆಯಾಗಿ, ಹಳೆಯ ಹೊಸ ಕಲಂ ಎರಡನ್ನೂ ಬರೆದು. ಜೊತೆಗೆ ವರ್ಷಕ್ಕೆ ಎಷ್ಟು ಮುಚ್ಚಳಿಕೆ ಬರೆಸಿದ್ದಾರೆ ಅಂತಲೂ ಕೇಳಿ. ಹಲ್ಲೆ ವರ್ಷದಿಂದ ವರ್ಷಕ್ಕೆ ಏರುತ್ತಾ ಮುಚ್ಚಳಿಕೆ ಅಲ್ಲೇ ನಿಂತಿದ್ದರೆ, ಆ ಹಾಳೆಯನ್ನು ಹಿಡಿದುಕೊಂಡು ನಾಲ್ಕು ಜನ ಸೇರಿ ಎಸ್‌ಪಿಯವರನ್ನು ಭೇಟಿ ಮಾಡಿ.