ಬಯಾಪ್ಸಿಗಾಗಿ ಚಿಕಿತ್ಸೆಯನ್ನು ಮುಂದೂಡಬೇಡಿ

ಲಿವರ್ ಕೆಡಿಸುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಇದೆ, ವೈದ್ಯರು ಮಾತ್ರೆ ಬರೆದಿದ್ದಾರೆ, ಲಿವರ್ ಬಯಾಪ್ಸಿ (ಸೂಜಿಯಿಂದ ಲಿವರ್‌ನ ಚೂರು ತೆಗೆದು ಮಾಡುವ ಪರೀಕ್ಷೆ) ಆಗದೆ ನುಂಗಬೇಡ ಎಂದು ಮನೆಯವರು ತಡೆಯುತ್ತಿದ್ದಾರೆ, ಬಯಾಪ್ಸಿ ಮಾಡಿಸಲೇಬೇಕೇ ಎಂದು ಕೇಳಿದ್ದೀರಿ. ಇದೇ ಗೊಂದಲ ಹೊತ್ತು 2010ರಲ್ಲಿ ನಾನು ದಾವಣಗೆರೆಯಿಂದ ಬೆಂಗಳೂರಿಗೆ ಬಂದಿದ್ದೆ. 1996ರಲ್ಲಿ ಹೆರಿಗೆಯಾದಾಗ ವಿಪರೀತ ರಕ್ತಸ್ರಾವವಾಗಿ ನನಗೆ ರಕ್ತ ಏರಿಸಿದ್ದರು. ದಾನಿಗಳ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ವೈರಸ್ ಒಳಗಿದೆ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಬೇರೊಂದು ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯಲ್ಲಿ.

ಆಗ ಬಯಾಪ್ಸಿ ಮಾಡಿಸುವುದಕ್ಕೆ ಅರ್ಥವಿತ್ತು. ಇದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ರಿಬಾವಿರಿನ್. ಭಾರತದಲ್ಲಿ ಹೆಚ್ಚಾಗಿ ಕಾಣುವ ಜೀನೋಟೈಪ್ 3ಕ್ಕೆ (ಜೀನೋಟೈಪ್ ಎಂದರೆ ವೈರಸ್ಸಿನ ತಳಿ) 24 ವಾರ, ಜೀನೋಟೈಪ್ 1ಕ್ಕೆ 48 ವಾರ. ಜ್ವರ, ಖಿನ್ನತೆ, ರಕ್ತಕಣಗಳ ಕುಸಿತ, ಇಷ್ಟೆಲ್ಲ ಅನುಭವಿಸಿದರೂ ವಾಸಿಯಾಗುವ ಖಾತ್ರಿಯಿಲ್ಲ. ಆದ್ದರಿಂದ ಲಿವರ್ ಎಷ್ಟು ಹಾಳಾಗಿದೆ ಎಂದು ನೋಡಿ, ಚಿಕಿತ್ಸೆ ಈಗಲೇ ಬೇಕೋ ಆಮೇಲೆ ಸಾಕೋ ಎಂದು ತೀರ್ಮಾನಿಸುತ್ತಿದ್ದರು.

ಬಲಪಕ್ಕೆಯ ಸಂದಿಯಲ್ಲಿ ಮರಗಟ್ಟುವ ಮದ್ದು ಕೊಟ್ಟು, ಉಸಿರು ಬಿಗಿಹಿಡಿಯಲು ಹೇಳಿ ಸೂಜಿ ಹಾಕಿ ತೆಗೆದರು. ಬಲಭುಜ ಸಂಜೆಯವರೆಗೂ ನೋಯುತ್ತಿತ್ತು. ವರದಿಯಲ್ಲಿ ಎಫ್1 ಎಂದಿತ್ತು, ಅಂದರೆ ಲಿವರ್ ಸ್ವಲ್ಪವೇ ನಾರುಗಟ್ಟಿದೆ. ಕಾಯಬಹುದು, ಆದರೆ ವರ್ಷಕ್ಕೊಮ್ಮೆ ಬರಬೇಕು ಎಂದರು ವೈದ್ಯರು.

ನಾನು ಮತ್ತೆ ಹೋಗಲಿಲ್ಲ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಬಯಾಪ್ಸಿಯ ಮೇಲೆ ನಿಮ್ಮ ಮನೆಯವರಿಗಿರುವ ನಂಬಿಕೆಯೇ ನನಗೂ ಇತ್ತು. ಸೂಜಿಯಲ್ಲಿ ಬರುವ ಚೂರು ಇಡೀ ಯಕೃತ್ತಿನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು. ಅದರ ಪಕ್ಕದ ಭಾಗ ಅದಕ್ಕಿಂತ ಹೆಚ್ಚು ಕೆಟ್ಟಿರಬಹುದು. ಚೂರು ನಿಜವನ್ನೇ ಹೇಳಿದರೂ ಅದು ಆ ದಿನದ ಸ್ಥಿತಿಯಷ್ಟೇ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ನಾರುಗಟ್ಟುವಿಕೆ ಚುರುಕಾಗುತ್ತದೆ, ಸಕ್ಕರೆ ಕಾಯಿಲೆಯೂ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ನನಗೆ ಎರಡೂ ಬಂದವು, ವರದಿ ಮಾತ್ರ ಬೀರುವಿನಲ್ಲಿ ಎಫ್1 ಆಗಿಯೇ ಉಳಿಯಿತು. ಎಲ್ಲೂ ನೋವಿರಲಿಲ್ಲ. ಲಿವರ್ ಬಹಳ ಕಾಲ ಸದ್ದಿಲ್ಲದೆ ಸವೆಯುತ್ತದೆ.

2016ರಲ್ಲಿ ಒಸಡಿನಲ್ಲಿ ರಕ್ತ ಬಂತು. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿತ್ತು. ಲಿವರ್‌ನ ಗಡಸುತನವನ್ನು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ 19 ಕಿಲೋಪ್ಯಾಸ್ಕಲ್ ತೋರಿಸಿತು; ಸುಮಾರು 12.5 ದಾಟಿದರೇ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ನಾರುಗಟ್ಟಿ ಗಂಟುಗಂಟಾದ ಸ್ಥಿತಿ, ಎಂದು ಭಾವಿಸುತ್ತಾರೆ. ಅಷ್ಟರಲ್ಲಿ ವೈರಸ್ಸನ್ನು ನೇರವಾಗಿ ತಡೆಯುವ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು ನಮ್ಮಲ್ಲೇ ತಯಾರಾಗಿ ಕೈಗೆಟಕುವ ಬೆಲೆಗೆ ಬಂದಿದ್ದವು. ವೈರಸ್ ಹೋಯಿತು, ಸಿರೋಸಿಸ್ ಉಳಿಯಿತು. ಲಿವರ್ ಕ್ಯಾನ್ಸರ್ ಭಯಕ್ಕೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದು ಇಂಟರ್‌ಫೆರಾನ್ ಕಾಲದ ಪ್ರಶ್ನೆ. ಈಗ ಲಿವರ್ ಕೆಡಲಿ ಎಂದು ಯಾರೂ ಕಾಯಿಸುವುದಿಲ್ಲ. ವೈದ್ಯರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಸಿರೋಸಿಸ್ ಇದೆಯೇ ಎಂಬುದು. ಅದಕ್ಕೆ ವಯಸ್ಸು, ರಕ್ತದಲ್ಲಿ ಅಳೆಯುವ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು, ಪ್ಲೇಟ್‌ಲೆಟ್ ಹಾಕಿ ಲೆಕ್ಕ ಮಾಡುವ ಫಿಬ್-4 ಎಂಬ ಅಂಕ ಇದೆ, ನೋವಿಲ್ಲದ ಫೈಬ್ರೋಸ್ಕ್ಯಾನ್ ಇದೆ. ವೈರಸ್ ಜೊತೆಗೆ ಬೇರೆ ಲಿವರ್ ರೋಗದ ಅನುಮಾನವಿದ್ದರೆ, ಅಥವಾ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಬಯಾಪ್ಸಿ ಮಾಡಿಸಿ. ಮನೆಯವರ ಸಮಾಧಾನಕ್ಕಂತೂ ಬೇಡ.

2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಔಷಧ ಉಚಿತ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ 12 ವಾರ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ವಾಸಿಯಾಗುತ್ತಾರೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಒಂದು ಪರೀಕ್ಷೆಗೆ ಮಾತ್ರ ಪಟ್ಟುಹಿಡಿಯಿರಿ: ಲಿವರ್‌ಗೆ ತಗಲುವ ಇನ್ನೊಂದು ವೈರಸ್ ಆದ ಹೆಪಟೈಟಿಸ್ ಬಿ. ಅದೂ ಮೈಯಲ್ಲಿದ್ದರೆ ಈ ಮಾತ್ರೆಗಳ ಹೊತ್ತಿನಲ್ಲಿ ಕೆರಳಬಹುದು. ಕ್ಷಯಕ್ಕೆ, ಮೂರ್ಛೆರೋಗಕ್ಕೆ, ಹೃದಯದ ಬಡಿತಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಕೊನೆಯ ಮಾತ್ರೆಯಾಗಿ 12 ವಾರಕ್ಕೆ ರಕ್ತದಲ್ಲಿ ವೈರಸ್ ಉಳಿದಿದೆಯೇ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆ ಮಾಡಿಸುವವರೆಗೆ ವಾಸಿಯಾಯಿತೆಂದು ಆಸ್ಪತ್ರೆಯ ಓಡಾಟ ನಿಲ್ಲಿಸಬೇಡಿ.